ಓಪನ್ ಅಂದರೆ ಎಲ್ಲರಿಗೂ ಗೊತ್ತಿರಬೇಕು

"ನಮ್ಮದು ಓಪನ್ ಮದುವೆ, ಹೆಂಡತಿಗೆ ಮಾತ್ರ ಇನ್ನೂ ಹೇಳಿಲ್ಲ" ಅನ್ನುವವರು ಡೇಟಿಂಗ್ ಆ್ಯಪ್‌ಗಳಲ್ಲಿ ಸಿಗುತ್ತಾರೆ. ಗಂಡ-ಹೆಂಡತಿ ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಒಪ್ಪಿ ಹೊರಗೂ ಸಂಬಂಧ ಇಟ್ಟುಕೊಂಡರೆ ಅದು ಓಪನ್ ಮದುವೆ. ಇದು ಓಪನ್ ಅಲ್ಲ, ಮೋಸ. ಒಂದಕ್ಕಿಂತ ಹೆಚ್ಚು ಸಂಬಂಧ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಇಟ್ಟುಕೊಳ್ಳುವುದಾದರೆ ಯಾರ ಕಣ್ಣಿಗೂ ಮಣ್ಣೆರಚದೆ ಹೇಗೆ, ಅಷ್ಟೇ.

ಮೊದಲು ಮನೆಯಲ್ಲಿ ಮಾತಾಡಿ. ನಾನೂ ನನ್ನ ಹೆಂಡತಿಯೂ ಈ ವಿಷಯ ಎತ್ತಿದ್ದು ಒಂದು ರಾತ್ರಿ ಊಟವಾದ ಮೇಲೆ. ತಟ್ಟೆ ಇನ್ನೂ ಎತ್ತಿರಲಿಲ್ಲ, ಮಾತಾಡ್ತಾ ಮಾತಾಡ್ತಾ ಎಂಜಲು ಕೈ ಒಣಗಿಹೋಗಿತ್ತು. ಅವಳು ಕೇಳಿದ್ದು ಒಂದೇ: "ನಾನು ಬೇಡ ಅಂದ್ರೆ ನೀನು ಬಿಟ್ಟು ಹೋಗ್ತೀಯಾ?" ಇಲ್ಲ ಅಂದೆ. ಆಮೇಲೂ ಅವಳು ನಾಲ್ಕು ತಿಂಗಳು ಯೋಚಿಸಿದಳು, ಅಷ್ಟೂ ದಿನ ನಾನು ಯಾರಿಗೂ ಒಂದು ಮೆಸೇಜ್ ಕೂಡ ಮಾಡಲಿಲ್ಲ. ಆ ಪ್ರಶ್ನೆಗೆ ನಿಮ್ಮ ಉತ್ತರ "ಹೌದು, ಬಿಟ್ಟು ಹೋಗ್ತೀನಿ" ಅಂತಿದ್ದರೆ, ಅಥವಾ ಎದುರಿನವರು ನಿಮ್ಮ ಸಂಬಳಕ್ಕೋ ಸಿಟ್ಟಿಗೋ ಹೆದರಿ "ಹೂಂ" ಅಂದಿದ್ದರೆ, ಅದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯಬೇಡಿ. ಇವತ್ತು ಒಪ್ಪಿದವರು ನಾಳೆ ಬೇಡ ಅನ್ನಬಹುದು. ಈಗಾಗಲೇ ಯಾರ ಜೊತೆಗೋ ಶುರುವಾಗಿಬಿಟ್ಟಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆದದ್ದನ್ನು ಹೇಳಿ. ಓಪನ್ ಮಾಡುವ ಮಾತು ಎಷ್ಟೋ ಆಮೇಲಿನದು.

ಮೂರನೆಯವರೂ ಮನುಷ್ಯರೇ ಅಲ್ವಾ. ಮದುವೆಯಾಗಿದೆ, ಮನೆಯಲ್ಲಿ ಗೊತ್ತಿದೆ, ವಾರಕ್ಕೆ ಎಷ್ಟು ಸಮಯ ಕೊಡಬಹುದು, ಇದನ್ನೆಲ್ಲ ಮೊದಲ ಭೇಟಿಗೂ ಮುಂಚೆ ಹೇಳಿ. ಸುಮ್ನೆ ಮದುವೆಯ ಆಸೆ ಹುಟ್ಟಿಸಬೇಡಿ. ಮದುವೆಯಾಗುತ್ತೇನೆ ಅಂತ ಸುಳ್ಳು ಹೇಳಿ ಹೆಣ್ಣಿನ ಜೊತೆ ದೈಹಿಕ ಸಂಬಂಧ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಶಿಕ್ಷೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿಯ 497ನೇ ಸೆಕ್ಷನ್ ರದ್ದು ಮಾಡಿತು, ನಿಜ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವ್ಯಭಿಚಾರ ಇವತ್ತಿಗೂ ವಿಚ್ಛೇದನಕ್ಕೆ ಕಾರಣ. ಆ ಕಾಯ್ದೆಯಡಿ ಮದುವೆಯಾದವರು ಆ ಮದುವೆ ಇರುವಾಗಲೇ ಇನ್ನೊಂದು ಮದುವೆಯಾದರೆ ಅಪರಾಧ, ಮೂವರೂ ಒಪ್ಪಿದರೂ ಅಷ್ಟೇ.

ಆರೋಗ್ಯದ ವಿಷಯದಲ್ಲಿ ನಾಚಿಕೆ ಬೇಡವೇ ಬೇಡ. "ನಂಗೇನೂ ಇಲ್ಲ" ಅನ್ನುವ ಮಾತು ಸಾಲದು, ಟೆಸ್ಟ್ ರಿಪೋರ್ಟ್ ತೋರಿಸಿ, ನೀವೂ ಕೇಳಿ, ತಾರೀಕು ನೋಡಿ. ಬೆರಳು ಚುಚ್ಚಿ ಮಾಡುವ ಎಚ್ಐವಿ ಆಂಟಿಬಾಡಿ ಟೆಸ್ಟ್‌ನಲ್ಲಿ ಸೋಂಕು ಕಾಣಿಸಲು 23ರಿಂದ 90 ದಿನ ಬೇಕು. ಹಾಗಾಗಿ ಹೋದ ವಾರದ ಭೇಟಿಯ ಬಗ್ಗೆ ಇವತ್ತಿನ ನೆಗೆಟಿವ್ ಏನೂ ಹೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಈ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿ ಇಡುತ್ತಾರೆ. ಅನುಮಾನ ಇದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟ್ ಕೂಡ ಜೊತೆಗೇ ಮಾಡಿಸಿ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಣ್ಣೆ ತಗಲಿದರೆ ಲೇಟೆಕ್ಸ್ ಹರಿಯುತ್ತದೆ. ಹರಿದೇಬಿಟ್ಟರೆ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋಗಿ ಎಚ್ಐವಿ ಸೋಂಕು ಹಿಡಿಯದಂತೆ ತಡೆಯುವ ಪಿಇಪಿ ಮಾತ್ರೆ ಕೇಳಿ. ಬೇಗ ಹೋದಷ್ಟೂ ಒಳ್ಳೆಯದು, 28 ದಿನ ನುಂಗಬೇಕು. ಆ ರಾತ್ರಿಯೇ ಮನೆಯಲ್ಲೂ ಹೇಳಿ. ಇದನ್ನು ಮುಚ್ಚಿಟ್ಟರೆ ಏನೂ ತಿಳಿಯದ ಇನ್ನೊಬ್ಬರ ಮೈಗೆ ಅಪಾಯ.

ಫೋಟೋ ಕಳಿಸುವುದಾದರೆ ಮುಖ, ಮಚ್ಚೆ, ಗೋಡೆಯ ಕ್ಯಾಲೆಂಡರ್ ಕಾಣದಿರಲಿ. ಯಾರಾದರೂ ಹೆದರಿಸಿದರೆ ದುಡ್ಡು ಕೊಡಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಪೊಲೀಸರಿಗೆ ದೂರು ಕೊಡಿ.

ಹೊಟ್ಟೆಕಿಚ್ಚು ಬರುತ್ತದೆ, ನಮಗೂ ಬಂತು. ಮೊದಲ ಸಲ ಅವಳು ಹೊರಗೆ ಹೋದಾಗ ಬಾಗಿಲ ಹತ್ತಿರ ಚಪ್ಪಲಿ ಇಲ್ಲದ ಜಾಗವನ್ನೇ ನೋಡ್ತಾ ಕೂತಿದ್ದೆ. ಬಂದ ಮೇಲೆ ಅದನ್ನೇ ಹೇಳಿದೆ, ಅವಳು ಟೀ ಇಟ್ಟಳು, ಮಾತು ಬೆಳಗಿನ ಜಾವದವರೆಗೂ ನಡೆಯಿತು. ಅವತ್ತಿನಿಂದ ಒಂದು ಅಭ್ಯಾಸ: ಯಾರ ಜೊತೆ, ಎಲ್ಲಿ ಅಂತ ಮೊದಲೇ ಹೇಳಿ ಹೋಗುವುದು, ಹೊರಡುವಾಗ "ಹೊರಟೆ" ಅಂತ ಒಂದು ಮೆಸೇಜ್. ನಮ್ಮನ್ನು ನೋಡಲು ಬಂದವರೂ ಮನೆ ಮುಟ್ಟಿದ ಮೇಲೆ "ಮುಟ್ಟಿದೆ" ಅಂತ ಕಳಿಸುತ್ತಾರೆ, ಅದು ಬರುವವರೆಗೂ ನಾವಿಬ್ಬರೂ ಮಲಗುವುದಿಲ್ಲ.