ಟೈಪ್ ಕರ್ವ್ ಬಿಟ್ಟು ಪೈಥಾನ್ ಹಿಡಿದ ಕಥೆ

ಆಳಂದದ ಕಡೆ ಒಂದು ಹೊಲದಲ್ಲಿ ಪಂಪ್ ಟೆಸ್ಟ್ ಮಾಡಿದ್ದೆವು, ಅಂದರೆ ಬೋರಿನಿಂದ ನೀರು ಎತ್ತುತ್ತಾ ನೀರಿನ ಮಟ್ಟ ಎಷ್ಟು ಇಳಿಯುತ್ತದೆ ಅಂತ ಅಳೆಯೋದು. ಡ್ರಮ್ಮು ತುಂಬಿಸಿ ನೋಡಿದರೆ 200 ಲೀಟರಿಗೆ 80 ಸೆಕೆಂಡು. 20 ಮೀಟರ್ ದೂರದ ಇನ್ನೊಂದು ಬೋರಿನಲ್ಲಿ ಎಂಟು ಗಂಟೆಗೆ ಒಂದೂವರೆ ಮೀಟರ್ ನೀರು ಇಳಿದಿತ್ತು. ಕಲಬುರಗಿಗೆ ಬಂದು, ರೀಡಿಂಗ್ ಗುರುತು ಹಾಕಿದ ಟ್ರೇಸಿಂಗ್ ಪೇಪರನ್ನು ಟೈಪ್ ಕರ್ವ್ (ಥೈಸ್ ಸೂತ್ರದಿಂದ ಬಿಡಿಸಿಟ್ಟ ಮಾದರಿ ಗೆರೆ) ಮೇಲೆ ಹೊಂದುವ ತನಕ ಸರಿಸಿದೆ, ಟಿ (ಕಲ್ಲಿನ ಪದರ ನೀರನ್ನು ಎಷ್ಟು ಹರಿಯಬಿಡುತ್ತದೆ ಅನ್ನೋ ಅಳತೆ) 38 ಬಂತು. ಜೊತೆಗಾರರು ಸರಿಸಿದರು, 55 ಬಂತು. ಒಂದೇ ಬೋರು, ಒಂದೇ ರೀಡಿಂಗ್!

ಇದಕ್ಕೆಂದೇ ಇರುವ ಸಾಫ್ಟ್‌ವೇರ್ ಕೇಳಿದೆ, ಲಕ್ಷದ ಹತ್ತಿರ ಹೇಳಿದರು. ಒಂದು ಟೆಸ್ಟಿಗೆ ನನಗೆ ಸಿಗೋದು ಐದಾರು ಸಾವಿರ. ಡೀಸೆಲ್ಲು, ಹುಡುಗರ ಕೂಲಿ ಕಳೆದರೆ ಚಹಾದ ದುಡ್ಡು ಉಳಿಯುತ್ತದೆ. ಅದಕ್ಕೇ ಪೈಥಾನ್, ಪುಕ್ಕಟೆ ಸಿಗುವ ಪ್ರೋಗ್ರಾಮಿಂಗ್ ಭಾಷೆ. ಜೊತೆಗಾರರು ನಕ್ಕರು: "ಗ್ರಾಫ್ ಶೀಟ್ ಅದ, ಪೆನ್ಸಿಲ್ ಅದ, ಮತ್ತ ಇದೆಲ್ಲಾ ಯಾಕ್ರೀ?"

ವೆಲ್ ಫಂಕ್ಷನ್ನಿಗೆ (ಥೈಸ್ ಸೂತ್ರದ ಒಳಗಿನ ಗಣಿತ) ಮೊದಲು ನಾನೇ ಸರಣಿ ಬರೆದು ಲೂಪ್ ಹಾಕಿದೆ. ಅದಕ್ಕೆ ಕೊಡುವ ಯು (ದೂರ, ಸಮಯ, ಕಲ್ಲಿನ ಗುಣ ಸೇರಿ ಬರುವ ಸಂಖ್ಯೆ) ದೊಡ್ಡದಾದ ಕಡೆ ಉತ್ತರ ಹುಚ್ಚುಹುಚ್ಚಾಗಿ ಬಂತು. ಪೈಥಾನಿನ ಲೆಕ್ಕದ ಲೈಬ್ರರಿ ಸೈಪೈನಲ್ಲಿ ಅದು 'ಇ-ಎಕ್ಸ್-ಪಿ-1' ಹೆಸರಲ್ಲಿ ರೆಡಿ ಇದೆ ಅಂತ ಗೊತ್ತಾಗೋಕೆ ಎರಡು ವಾರ ಬೇಕಾಯಿತು.

ಆಮೇಲೆ ಕರ್ವ್ ಫಿಟ್, ಅಂದರೆ ರೀಡಿಂಗಿಗೆ ಹೊಂದುವ ಟಿ ಮತ್ತು ಎಸ್ (ಪದರ ನೀರು ಹಿಡಿದಿಡುವ ಅಳತೆ) ಹುಡುಕುವ ಸೈಪೈ ಫಂಕ್ಷನ್. ಆರಂಭದ ಅಂದಾಜು ಕೊಡದಿದ್ದರೆ ಅದು ಟಿ, ಎಸ್ ಎರಡನ್ನೂ 1 ಅಂತ ಹಿಡಿಯುತ್ತದೆ. ಸಮಯ ದಿನದ ಲೆಕ್ಕದಲ್ಲಿದ್ದರೆ ಅಲ್ಲಿ ಯು ನೂರು, ಸಾವಿರದ ಲೆಕ್ಕದಲ್ಲಿರುತ್ತದೆ, ಫಂಕ್ಷನ್ ಹೆಚ್ಚುಕಡಿಮೆ ಸೊನ್ನೆ. ಅತ್ತಿತ್ತ ಅಲುಗಾಡದೆ 1, 1 ಅಂತಲೇ ವಾಪಸ್ ಕೊಡುತ್ತದೆ. ಅದಕ್ಕೆ ಜೇಕಬ್ ಗೆರೆ (ಥೈಸ್ ಸೂತ್ರದ ಸರಳ, ನೇರ ಗೆರೆಯ ರೂಪ) ಎಳೆದು ಬಂದ ಟಿಯನ್ನೇ ಆರಂಭದ ಅಂದಾಜಾಗಿ ಕೊಟ್ಟೆ, ಎಸ್‌ಗೆ 0.001 ಕೊಟ್ಟೆ. ಎರಡರ ಲಾಗ್ ಹಿಡಿದು ಫಿಟ್ ಮಾಡಿದೆ, ಮೈನಸ್ ಉತ್ತರದ ಕಾಟ ಹೋಯಿತು.

ಆದರೂ ಎಸ್ 2.9! ಕಲ್ಲು ತನ್ನ ಗಾತ್ರದ ಮೂರು ಪಟ್ಟು ನೀರು ಕುಡಿದ ಹಾಗೆ ಆಯ್ತಲ್ವಾ? ಮೂರು ದಿನ ತಲೆ ಕೆರೆದುಕೊಂಡೆ. ಡಿಸ್ಚಾರ್ಜ್ (ಪಂಪು ಎತ್ತುವ ನೀರು) ದಿನದ ಲೆಕ್ಕ, ಸಮಯ ಮಾತ್ರ ನಿಮಿಷದಲ್ಲಿತ್ತು. ಸಮಯವನ್ನು 1440ರಿಂದ ಭಾಗಿಸಿದೆ, ಎಸ್ 0.002ಕ್ಕೆ ಇಳಿಯಿತು. ಟಿ 41, ಹಿಂದೆ ಮುಂದೆ ಮೂರು. ಬಿರುಕುಬಿರುಕಾದ ಬಸಾಲ್ಟ್ ಕಲ್ಲಿಗೆ ಥೈಸ್ ಸೂತ್ರ ಸರಿಯಲ್ಲ ಅಂತ ಬೈಯಬೇಡಿ, ಗೊತ್ತಿದೆ. ಟ್ರೇಸಿಂಗ್ ಪೇಪರಲ್ಲಿ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ?

ನಡುವೆ ವೋಲ್ಟೇಜ್ ಬಿದ್ದು ಡಿಸ್ಚಾರ್ಜ್ ಇಳಿದ ಟೆಸ್ಟುಗಳನ್ನು ಮೊದಲು ಎಸೆಯುತ್ತಿದ್ದೆ, ಎರಡು ದಿನದ ಕೂಲಿ ಹಾಳು. ಈಗ ಅವನ್ನೂ ಉಳಿಸಿಕೊಳ್ಳುತ್ತೇನೆ. ಹೇಗೆ ಅಂತ ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಸುಮ್ನೆ ಒಂದು ಹುಚ್ಚು ಪ್ರಯೋಗವೂ ಮಾಡಿದೆ. ರೈತರಿಗೆ ಓದಲು ಬರಲಿ ಅಂತ ಮ್ಯಾಟ್‌ಪ್ಲಾಟ್‌ಲಿಬ್ (ಪೈಥಾನಿನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ) ಗ್ರಾಫಿಗೆ ಕನ್ನಡ ಹೆಸರು ಹಾಕಿದೆ. 'ಕಲಬುರಗಿ' ಪರವಾಗಿಲ್ಲ. 'ಚಿತ್ತಾಪುರ'ದ ಒತ್ತು ಮಾತ್ರ ಕೆಳಗೆ ಕೂರದೆ ಪಕ್ಕಕ್ಕೆ ಬಿತ್ತು. ಈಗ ಚಿತ್ರವನ್ನು ವರ್ಡ್‌ಗೆ ಹಾಕಿ ಹೆಸರು ಅಲ್ಲಿಯೇ ಬರೆಯುತ್ತೇನೆ.

ಒಟ್ಟು ಖರ್ಚು? ಹಳೇ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿದ್ದು, ಎರಡು ಸಾವಿರದ ಆಸುಪಾಸು. ಒಂದು ಬೋರಿಗೆ ಕಾಲು ಗಂಟೆ ಸಾಕು. ನಕ್ಕಿದ್ದ ಜೊತೆಗಾರರೇ ಮೊನ್ನೆ ಸೇಡಂನ ಎರಡು ಬೋರಿನ ರೀಡಿಂಗ್ ಕಳಿಸಿ, "ನಿಮ್ಮ ಪೈಥಾನಿಗೆ ಹಾಕ್ರೀ" ಅಂದರು. ಅಲ್ಲಿ ಸುಣ್ಣದಕಲ್ಲು, ಕರ್ವ್ ಇನ್ನೂ ಕೂತಿಲ್ಲ.