ಬುದ್ಧಿಹಲ್ಲು ಕೀಳಿಸಿದ ಮೇಲೆ ತುಟಿ ಮರಗಟ್ಟಿದ್ದರೆ ಮನೆಯಲ್ಲೇ ಮಾಡುವ ಅಭ್ಯಾಸ

ನಾನು ಫಿಸಿಯೋಥೆರಪಿಸ್ಟ್. ಮಂಡಿನೋವು, ಬೆನ್ನುನೋವಿನವರ ನಡುವೆ ಆಗಾಗ ಹಲ್ಲಿನ ಡಾಕ್ಟರು ಕಳಿಸಿದವರೂ ಬರುತ್ತಾರೆ. ಒಬ್ಬ ಬಸ್ ಕಂಡಕ್ಟರ್, "ಮೇಡಂ, ಸೀಟಿ ತುಟಿಗೆ ಸಿಕ್ಕಿದೆಯೋ ಇಲ್ವೋ ಗೊತ್ತಾಗಲ್ಲ, ಊದಿದ್ರೆ ಗಾಳಿ ಪಕ್ಕದಲ್ಲಿ ಹೋಗುತ್ತೆ" ಎಂದರು. ಅವರ ಗದ್ದದ ಮೇಲೆ ಒಂದು ಅನ್ನದಗುಳು ಅಂಟಿತ್ತು. ಅದೂ ತಿಳಿದಿರಲಿಲ್ಲ.

ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದು ಬಂದು, ಗದ್ದದ ಪಕ್ಕದ ಸಣ್ಣ ತೂತಿನಿಂದ ಹೊರಬರುತ್ತದೆ. ಕೆಳದುಟಿ, ಗದ್ದ ಮುಟ್ಟಿದ್ದು ತಿಳಿಯುವುದು ಅದರಿಂದ. ಬುದ್ಧಿಹಲ್ಲಿನ ಬೇರು ಎಷ್ಟೋ ಸಲ ಅದಕ್ಕೆ ತಾಗಿಕೊಂಡೇ ಇರುತ್ತದೆ. ತುಟಿ ಅಲ್ಲಾಡಿಸುವ ನರ ಬೇರೆ. ಹಾಗಾಗಿ ಬಾಯಿ ಸೊಟ್ಟಗಾಗುವುದಿಲ್ಲ. ಇಂಜೆಕ್ಷನ್ನಿನ ಮರಗಟ್ಟು ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಮರುದಿನವೂ ಇಳಿಯದಿದ್ದರೆ ಹಲ್ಲು ಕಿತ್ತವರಿಗೆ ಅವತ್ತೇ ಹೇಳಿ.

ಉಜ್ಜಿದರೆ ನರ ಬೆಳೆಯುವುದಿಲ್ಲ. ಬರೀ ಅದುಮಿದ ನರ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆ ಕಡಿದಿದ್ದರೆ, ಮತ್ತೆ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ನಾವು ಸವರುವುದು, ನರ ತರುವ ಅರೆಬರೆ ಸುದ್ದಿಯನ್ನು ಮೆದುಳು ಗುರುತು ಹಿಡಿಯಲಿ ಎಂದು. ಗ್ಯಾರಂಟಿ ಕೊಟ್ಟು ಎಣ್ಣೆ ಮಾರುವವರ ಮಾತು ಕೇಳಬೇಡಿ.

ಗಾಯ ಮಾಗಿ, ಡಾಕ್ಟರು ಒಪ್ಪಿದ ಮೇಲೆ ಶುರು ಮಾಡಿ. ಮೊದಲು ಗಡಿ ಗುರುತಿಸಿ. ಹತ್ತಿಯನ್ನು ಸರಿಯಿರುವ ಕಡೆಯಿಂದ ನಿಧಾನವಾಗಿ ಸರಿಸುತ್ತಾ ಬನ್ನಿ. ಮುಟ್ಟಿದ್ದು ಮಂಕಾದ ಜಾಗದಲ್ಲಿ ಕಾಡಿಗೆ ಪೆನ್ಸಿಲಿನಿಂದ ಚುಕ್ಕಿ ಇಡಿ. ಸುತ್ತಲೂ ಹೀಗೇ ಚುಕ್ಕಿ ಇಟ್ಟು ಮೊಬೈಲಲ್ಲಿ ಫೋಟೋ ತೆಗೆಯಿರಿ. ವಾರಕ್ಕೊಮ್ಮೆ ಸಾಕು. ದಿನಾ ಅಳೆದರೆ ಸುಮ್ನೆ ಬೇಜಾರು.

ಆಮೇಲೆ ಕನ್ನಡಿ ಮುಂದೆ ಕೂತು, ಮಕ್ಕಳು ಬಣ್ಣ ಹಚ್ಚುವಂಥ ಮೆತ್ತನೆಯ ಬ್ರಷ್ ಹಿಡಿಯಿರಿ. ಸರಿಯಿರುವ ಕಡೆ ಮೇಲಿಂದ ಕೆಳಗೆ ಸವರಿ. ಅದೇ ಗೆರೆಯನ್ನು ಮರಗಟ್ಟಿದ ಕಡೆ ಎಳೆಯಿರಿ. ಎರಡೂ ಒಂದೇ ಥರ ಅನಿಸಬೇಕು ಎಂದು ಮನಸ್ಸಿಟ್ಟು ನೋಡಿ. ಟಿವಿ ನೋಡುತ್ತಾ ಮಾಡಿದರೆ ಲೆಕ್ಕಕ್ಕಿಲ್ಲ. ಸ್ವಲ್ಪ ತಿಳಿಯತೊಡಗಿದ ಮೇಲೆ ಕಣ್ಣು ಮುಚ್ಚಿಕೊಳ್ಳಿ. ಮನೆಯವರು ಬ್ರಷ್ ಎಳೆಯಲಿ, ಅದು ಯಾವ ಕಡೆ ಹೋಯಿತೆಂದು ನೀವು ಹೇಳಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಜಾಸ್ತಿ ಹೊತ್ತು ಬೇಡ.

ಬಾಯಿ ತೆರೆಯಲು ಬಿಗಿಯಾಗುತ್ತಿದ್ದರೆ ಕೆನ್ನೆಯ ಸ್ನಾಯುವನ್ನೂ ಸಡಿಲಿಸಿ. ಹಲ್ಲು ಕಚ್ಚಿದಾಗ ಕಿವಿಯ ಮುಂದೆ, ದವಡೆಯ ಮೂಲೆಯ ಮೇಲೆ ಉಬ್ಬುತ್ತದಲ್ವಾ, ಅದೇ. ಬಾಯಿ ಸಡಿಲ ಬಿಟ್ಟು ಎರಡು ಬೆರಳಿನಿಂದ ಅಲ್ಲಿ ನಿಧಾನಕ್ಕೆ ಸುತ್ತು ತೀಡಿ. ಹಲ್ಲು ಕಿತ್ತ ಜಾಗ ಒತ್ತಬೇಡಿ.

ಬಿಸಿನೀರಿನ ಚೀಲ ಬೇಡವೇ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಕಾಫಿಯನ್ನು ಸರಿಯಿರುವ ಕಡೆಯಿಂದ ಕುಡಿಯಿರಿ. ಶೇವ್ ಮಾಡುವಾಗ ಕನ್ನಡಿ ಬಿಡಬೇಡಿ.

ಇರುವೆ ಹರಿದಂತೆ ಜುಮುಗುಟ್ಟಿದರೆ ಹೆದರಬೇಡಿ. ಅದು ಹೆಚ್ಚಾಗಿ ಚೇತರಿಕೆಯ ಲಕ್ಷಣ. ಹಗುರಾಗಿ ಮುಟ್ಟಿದರೂ ಕರೆಂಟ್ ಹೊಡೆದಂತೆ ನೋವಾದರೆ, ಉರಿದರೆ ಅಭ್ಯಾಸ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. 3 ತಿಂಗಳಾದರೂ ಗಡಿ ಒಂದಿಷ್ಟೂ ಸರಿಯದಿದ್ದರೆ ನರದ ರಿಪೇರಿ ತಿಳಿದ ಬಾಯಿ-ದವಡೆ ಸರ್ಜನ್ ಬಳಿ ಹೋಗಿ. ತಡವಾದಷ್ಟೂ ಆ ಆಪರೇಷನ್ನಿನ ಫಲ ಕಡಿಮೆ. ಹಲ್ಲಿಗೆ ಏನೂ ಮಾಡಿಸದೆಯೇ ಗದ್ದ ಮರಗಟ್ಟಿದ್ದರೆ ಈ ಅಭ್ಯಾಸ ನಿಮಗಲ್ಲ, ಮೊದಲು ಡಾಕ್ಟರನ್ನು ಕಾಣಿ.