ಸೀಮಂತಕ್ಕೆ ಮುಂಚೆ ಬರೆಯಬೇಕಾದ ಅರ್ಜಿ

ಮುಂಬಯಿಯ ಕನ್ನಡಿಗರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇನ್ನೂ ಇರುವುದರಿಂದ, ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸುವುದಕ್ಕಿಂತ ಮೊದಲೇ ರಜೆಯ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಆದರೆ ಹೆರಿಗೆಗೆ ಮುಂಚೆ ಬಳಸಬಹುದಾದದ್ದು ಎಂಟು ವಾರ ಮಾತ್ರ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆ ಮುಹೂರ್ತ ಇಡುವ ಪುರೋಹಿತರು ಈ ಎಂಟು ವಾರವನ್ನು ಎಣಿಸುವುದಿಲ್ಲವಾದ್ದರಿಂದ, ಅದಕ್ಕೂ ಮೊದಲೇ ಊರಿಗೆ ಹೊರಡುವವರು ಉಳಿದ ದಿನಗಳಿಗೆ ತಮ್ಮ ಗಳಿಕೆ ರಜೆಯನ್ನು ಕೂಡಿಟ್ಟುಕೊಳ್ಳಬೇಕು.

ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ರಜೆ ಯಾವ ದಿನದಿಂದ ಬೇಕು, ಹಣವನ್ನು ಯಾರ ಕೈಗೆ ಕೊಡಬೇಕು, ಆ ಅವಧಿಯಲ್ಲಿ ಬೇರೆಡೆ ದುಡಿಯುವುದಿಲ್ಲ ಎಂಬ ಮೂರು ಸಂಗತಿಗಳನ್ನು ಬರೆದು, ವೈದ್ಯರ ಪತ್ರವನ್ನು ಜೋಡಿಸಿ ಕೊಡಿ. ಪ್ರತಿಯ ಮೇಲೆ ತಾರೀಖಿನೊಡನೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ. ಹೆರಿಗೆಗೆ ಮುಂಚಿನ ಅವಧಿಯ ಹಣ ಮುಂಗಡವಾಗಿಯೂ, ಉಳಿದದ್ದು ಹೆರಿಗೆಯ ಪುರಾವೆ ಒಪ್ಪಿಸಿದ 48 ಗಂಟೆಗಳಲ್ಲಿಯೂ ಬರಬೇಕು. ಈ ರಜೆಯಲ್ಲಿರುವವರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವವರಿಗೆ ಹಣ ಕೊಡುವುದು ಆ ವಿಮಾ ನಿಗಮ, ಮಾಲೀಕನಲ್ಲ. ಕಾಯ್ದೆಯ ದೊಡ್ಡ ಕುಂದು ಈ ವ್ಯತ್ಯಾಸದಲ್ಲಿಯೇ ಇದೆ. ಇಎಸ್‌ಐ ಹಣ ಎಲ್ಲರ ವಂತಿಗೆಯಿಂದ ಬರುತ್ತದೆ, ಉಳಿದವರ 26 ವಾರಗಳ ಸಂಬಳವನ್ನು ಮಾಲೀಕನೊಬ್ಬನೇ ತೆರುತ್ತಾನೆ. ಸಂದರ್ಶನದಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಮದುವೆ ಯಾವಾಗ ಎಂಬ ಪ್ರಶ್ನೆ ಎದುರಾಗುವುದರ ಹಿಂದೆ ಈ ಲೆಕ್ಕಾಚಾರವೂ ಇದೆ ಎಂದು ನನಗನ್ನಿಸುತ್ತದೆ. 1928ರಲ್ಲಿ ಇದೇ ಮುಂಬಯಿಯ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿದ ಅಂಬೇಡ್ಕರ್ ಅವರು, ಹೊರೆಯ ಬಹುಪಾಲನ್ನು ಸರ್ಕಾರವೇ ಹೊರಬೇಕೆಂಬುದನ್ನು ಒಪ್ಪಿಕೊಂಡಿದ್ದರು, ಮಾಲೀಕನನ್ನು ಹೊಣೆಯಿಂದ ಪೂರ್ತಿಯಾಗಿ ಬಿಡಿಸಲೂ ಇಲ್ಲ. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಕಾಯ್ದೆ ಬಂತು. ಹೊರೆ ಮಾತ್ರ ಮಾಲೀಕನ ಮೇಲೆಯೇ ಉಳಿಯಿತು.

ತಂದೆಯ ಪಾಡು ಇನ್ನೂ ಬಡವಾದದ್ದು. ಕೇಂದ್ರ ಸರ್ಕಾರದ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಿದೆ. ಮಾಟುಂಗದ ಹೋಟೆಲಿನಲ್ಲಿ ದೋಸೆ ಹುಯ್ಯುವ ಕುಂದಾಪುರದ ಯುವಕನಿಗೆ ಸಂಬಳ ಕಳೆದುಕೊಳ್ಳದೆ ಮಗುವಿನ ಮುಖ ನೋಡಿ ಬರುವಂತೆ ಮಾಡುವ ಕೇಂದ್ರ ಕಾನೂನು ಒಂದೂ ಇಲ್ಲ.

ಆದ್ದರಿಂದ ನಿಮ್ಮ ಅರ್ಜಿಯ ಕೆಲಸ ಮುಗಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಕಾರ್ಮಿಕ ವಿಷಯ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಅದನ್ನು ಸಂಸದರಿಗೂ ಶಾಸಕರಿಗೂ ಕಳುಹಿಸಬಹುದು. ತಂದೆಗೂ ಕಡ್ಡಾಯವಾಗಿ ಸಂಬಳಸಹಿತ ರಜೆ ಇರಲಿ, ತಾಯಿ ತಂದೆ ಇಬ್ಬರ ರಜೆಯ ಸಂಬಳವೂ ಸಾಮಾನ್ಯ ನಿಧಿಯಿಂದ ಬರಲಿ ಎಂದು ಕೇಳಿ. ಸಣ್ಣ ಅಂಗಡಿಯವನಿಗೆ ಇದು ಹೇಗೆ ಗಿಟ್ಟೀತು ಎಂದು ಯಾರಾದರೂ ಆಕ್ಷೇಪಿಸಿದರೆ, ನಿಧಿ ಬೇಕೆನ್ನುತ್ತಿರುವುದೇ ಆ ಅಂಗಡಿಯವನಿಗಾಗಿ ಎಂದು ಉತ್ತರಿಸಿ.